ಸಂಬಳ ಅಕೌಂಟಿಗೆ ಸರಿ, ಮೆಸೇಜ್ ಯಾರ ಮೊಬೈಲಿಗೆ?

ಕಳೆದ ವಾರ ಹಿಂದಿನ ಬೀದಿಯ ಅಕ್ಕ ಒಬ್ರು ಫಾರಂ ಹಿಡ್ಕೊಂಡು ಮನೆಗೆ ಬಂದಿದ್ರು. ಸಣ್ಣದೊಂದು ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ ಅವರದ್ದು. ಇಷ್ಟು ದಿನ ಸಂಬಳ ಕವರಿನಲ್ಲಿ ಕೈಗೆ ಬರ್ತಿತ್ತು. "ಮುಂದಿನ ತಿಂಗಳಿಂದ ಬ್ಯಾಂಕಿಗೇ ಹಾಕ್ತಾರಂತೆ. ಬೇಡ ಅನ್ನೋಕೆ ಆಗುತ್ತಾ ನೋಡಣ್ಣ" ಅಂದ್ರು.

ನಾನು ದೊಡ್ಡ ಬುದ್ಧಿವಂತನ ಥರ, "ಒಳ್ಳೇದೇ ಅಲ್ವೇನಕ್ಕ, ದುಡ್ಡು ಭದ್ರವಾಗಿರುತ್ತೆ" ಅಂತ ಭಾಷಣ ಶುರು ಮಾಡಿದೆ. ಅವರು ಮೆಲ್ಲಗೆ ಹೇಳಿದ್ರು: "ನನ್ನ ಅಕೌಂಟಿಗೆ ಕೊಟ್ಟಿರೋದು ನಮ್ಮೆಜಮಾನ್ರ ನಂಬರ್. ದುಡ್ಡು ಬಿದ್ದ ತಕ್ಷಣ ಮೆಸೇಜ್ ಅವರಿಗೇ ಹೋಗುತ್ತೆ. ಕಾರ್ಡೂ ಅವರ ಹತ್ರಾನೇ. ಕವರ್ ಆದ್ರೆ ದಾರೀಲೇ ಚೀಟಿ ಕಟ್ಟಿ, ಮಗಳ ಫೀಸಿಗೆ ಐನೂರು ಎತ್ತಿಟ್ಕೊಂಡು ಮನೆಗೆ ಬರ್ತೀನಿ."

ನನ್ನ ಭಾಷಣ ಅಲ್ಲಿಗೇ ನಿಂತಿತು.

ಅವರು ಹೋದ ಮೇಲೆ ಕಾನೂನು ಏನನ್ನುತ್ತೆ ಅಂತ ಕೂತು ಓದಿದೆ. 1936ರ ವೇತನ ಪಾವತಿ ಕಾಯಿದೆಯಲ್ಲಿ ಸಂಬಳ ನಾಣ್ಯ ಇಲ್ಲವೇ ನೋಟಿನಲ್ಲೇ ಕೊಡಬೇಕು ಅಂತಿತ್ತು. 1976ರ ತಿದ್ದುಪಡಿಯಲ್ಲಿ ಚೆಕ್ಕಿಗೂ ಬ್ಯಾಂಕ್ ಖಾತೆಗೂ ಅವಕಾಶ ಬಂತು, ಆದರೆ ಕೆಲಸಗಾರ ಬರವಣಿಗೆಯಲ್ಲಿ ಒಪ್ಪಿದರೆ ಮಾತ್ರ. ನೋಟು ರದ್ದಾದ ಮರುತಿಂಗಳೇ, 2016ರ ಡಿಸೆಂಬರಿನಲ್ಲಿ, ಸುಗ್ರೀವಾಜ್ಞೆ ಬಂದು ಆ ಒಪ್ಪಿಗೆಯ ಮಾತು ಹಾರಿಹೋಯ್ತು. ಈಗಿರೋದು 2019ರ ವೇತನ ಸಂಹಿತೆ, ಜಾರಿಗೆ ಬಂದದ್ದು 2025ರ ನವೆಂಬರ್ 21ಕ್ಕೆ. ಅದರ 15ನೇ ಸೆಕ್ಷನ್ನಿನಲ್ಲಿ ನಗದು, ಚೆಕ್, ಬ್ಯಾಂಕ್ ಖಾತೆ, ಎಲೆಕ್ಟ್ರಾನಿಕ್ ವಿಧಾನ ಎಲ್ಲವೂ ಇದೆ. ಯಾವುದು ಬೇಕು ಅಂತ ಕೆಲಸಗಾರರನ್ನ ಕೇಳಬೇಕು ಅನ್ನೋದು ಮಾತ್ರ ಇಲ್ಲ!

ಅಂದ್ರೆ ಅಕ್ಕ ಬೇಡ ಅಂದ್ರೂ ನಡೆಯೋದು ಕಷ್ಟ.

ನಾನೇನು ಬ್ಯಾಂಕಿನ ವಿರೋಧಿ ಅಲ್ಲ. ಹತ್ತು ಸಾವಿರಕ್ಕೆ ಸಹಿ ಹಾಕಿಸ್ಕೊಂಡು ಎಂಟು ಸಾವಿರ ಕೈಗಿಡೋ ಕಂಟ್ರಾಕ್ಟರುಗಳ ಆಟಕ್ಕೆ ಪಾಸ್‌ಬುಕ್ಕಿಗಿಂತ ಒಳ್ಳೆ ಸಾಕ್ಷಿ ಇಲ್ಲ. ಆದ್ರೆ ಕಾರ್ಡು ಕಂಟ್ರಾಕ್ಟರ ಕೈಲೋ ಗಂಡನ ಕೈಲೋ ಇದ್ದರೆ ಆ ಪಾಸ್‌ಬುಕ್ಕು ಬರೀ ಕಾಗದ. ಹಳೇ ಕಾನೂನು ಕೇಳ್ತಿದ್ದ ಆ ಒಂದು ಸಹಿಗೆ ಬೆಲೆ ಇದ್ದದ್ದು ಇಲ್ಲೇ. ಸಹಿ ಬೇಕು ಅಂದ್ರೆ ಒಂದ್ ಸಲ ಆದ್ರೂ ಅವರನ್ನ ಮಾತಾಡಿಸಬೇಕಿತ್ತು. ಖಾತೆಗೇ ಹಾಕ್ತೀವಿ ಅನ್ನೋರು ಈಗಲೂ ಇಷ್ಟು ಮಾಡಬಹುದು: ಖಾತೆಗೆ ಜೋಡಿಸಿರೋ ನಂಬರ್ ಯಾರದ್ದು, ಕಾರ್ಡ್ ಯಾರ ಹತ್ರ ಇದೆ ಅಂತ ಪ್ರತ್ಯೇಕವಾಗಿ ಕೇಳಲಿ. ಬ್ಯಾಂಕ್ ಯಾವುದು ಅನ್ನೋದು ಅವರಿಗೇ ಬಿಡಲಿ. ವೇತನ ಚೀಟಿ ಕೈಗೇ ಕೊಡಲಿ, ಅದು ಹೇಗೂ ಸಂಹಿತೆಯಲ್ಲೇ ಇದೆ.

ಮೊನ್ನೆ ಅಕ್ಕ ಬೇರೆ ಬ್ಯಾಂಕಿನಲ್ಲಿ ಹೊಸ ಖಾತೆ ತೆಗೆಸಿದ್ರು, ತಮ್ಮದೇ ಕೀಪ್ಯಾಡ್ ಮೊಬೈಲಿನ ನಂಬರ್ ಕೊಟ್ಟು. ಕಾರ್ಡ್ ಬೇಡ, ಪಾಸ್‌ಬುಕ್ ಸಾಕು ಅಂದ್ರಂತೆ. ಕಾರ್ಡ್ ಮನೆಗೆ ಬಂದ್ರೆ ಮತ್ತೆ ಅದೇ ಕಥೆ. ಆದ್ರೆ ಫ್ಯಾಕ್ಟರಿ ಬಿಡೋ ಹೊತ್ತಿಗೆ ಬ್ಯಾಂಕ್ ಬಾಗಿಲು ಹಾಕಿರುತ್ತೆ. ಹಾಗಾಗಿ ತಿಂಗಳಿಗೊಮ್ಮೆ ಅರ್ಧ ದಿನ ರಜೆ, ಅರ್ಧ ದಿನದ ಸಂಬಳ ಕಟ್. ದುಡಿದ ದುಡ್ಡು ತಮ್ಮ ಕೈಗೆ ಬರೋಕೆ ಅವರು ಕಟ್ಟೋ ಫೀಸು ಅದು.

ನಿಮ್ಮ ಸುತ್ತಮುತ್ತ ಹೇಗಿದೆ? ಕೇಳಿ ನೋಡಿ, ಬರೀರಿ.