ಕೂರಲು ಒಂದು ಸ್ಟೂಲು

ಮಲೆನಾಡಿನ ಮನೆಗಳಲ್ಲಿ ಬಂದವರಿಗೆ ಮೊದಲು ಕೊಡುವುದು ಕಾಫಿಯಲ್ಲ, ಕೂರಲು ಜಾಗ. ಜಗಲಿಯಲ್ಲಿ ಮಣೆ ಹಾಕಿಯೋ ಬೆಂಚು ತೋರಿಸಿಯೋ 'ಕೂತ್ಕೊಳ್ಳಿ' ಅಂದ ಮೇಲೆಯೇ ಮುಂದಿನ ಮಾತು. ಅಡಿಕೆ ಕೊಯ್ಲಿನಲ್ಲಿ ಸುಲಿಯಲು ಬರುವ ಹೆಂಗಸರೂ ಮೆಟ್ಟುಗತ್ತಿಯ ಮುಂದೆ ಕೂತೇ ಸುಲಿಯುತ್ತಾರೆ. ರಾಶಿ ಮುಗಿಯುವಾಗ ರಾತ್ರಿ ಎಷ್ಟು ಹೊತ್ತಾದರೂ, 'ನಿಂತುಕೊಂಡು ಸುಲಿಯಿರಿ' ಎಂದ ಯಜಮಾನನನ್ನು ನಮ್ಮ ಕಡಹಿನಬೈಲಿನ ಆಸುಪಾಸಿನಲ್ಲಿ ನಾನು ಕಂಡಿಲ್ಲ. ಕೂತರೆ ಕೆಲಸ ಕೆಡುತ್ತದೆ ಎಂದು ಯಾರೂ ದೂರಿದ್ದೂ ಇಲ್ಲ.

ಹಾಗಿದ್ದ ಮೇಲೆ ಪೇಟೆಯ ಅಂಗಡಿಗೆ ಮಾತ್ರ ಬೇರೆ ನ್ಯಾಯ ಎಲ್ಲಿಂದ ಬಂತು? ಹಿಂದಿನ ಜಿನಸಿ ಅಂಗಡಿಯ ಸಾಹುಕಾರರು ಗಲ್ಲಾಪೆಟ್ಟಿಗೆಯ ಹಿಂದೆ ಗಾದಿಯ ಮೇಲೆ, ದಿಂಬಿಗೆ ಒರಗಿ ಕೂತು ವ್ಯಾಪಾರ ಮಾಡಿದವರು. ಗಿರಾಕಿಗೆ ಅದರಿಂದ ಅವಮಾನವಾಗಲಿಲ್ಲ. ಈಗ ಗಲ್ಲಾ ಹೋಗಿ ಕಂಪ್ಯೂಟರು ಬಂದಿದೆ, ಗಾದಿ ಹೋಗಿ ಗಾಜಿನ ಬಾಗಿಲು ಬಂದಿದೆ. ಬಿಲ್ಲು ಮಾಡುವವಳು ಸಾಹುಕಾರರಲ್ಲ, ತಿಂಗಳ ಸಂಬಳದ ಹುಡುಗಿ. ಆದ್ದರಿಂದ ಅವಳು ನಿಲ್ಲಬೇಕು. ಇಡೀ ವಿಷಯದ ಮರ್ಮ ಇಷ್ಟೇ.

ನಮ್ಮ ನೆರೆಯ ಹುಡುಗಿಯೊಬ್ಬಳು ಹೀಗೆ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಳೆ. ಬೆಳಗಿನ ಬಸ್ಸಿನಲ್ಲಿ ನಿಂತು ಹೋಗುತ್ತಾಳೆ, ದಿನವಿಡೀ ನಿಲ್ಲುತ್ತಾಳೆ, ಸಂಜೆಯ ಬಸ್ಸಿನಲ್ಲಿ ನಿಂತೇ ಬರುತ್ತಾಳೆ. 'ಗಿರಾಕಿ ಇಲ್ದಿದ್ದಾಗಾದ್ರೂ ಕೂರಬಾರದೇನೇ?' ಎಂದು ನನ್ನ ಹೆಂಡತಿ ಕೇಳಿದಳು. 'ಇಲ್ಲ ಅತ್ತೆ, ಮೇಲೆ ಕ್ಯಾಮೆರಾ ಇದೆ. ಕೂತ್ರೆ ಫೋನ್ ಬರುತ್ತೆ' ಎಂದಳು. ಪದೇ ಪದೇ ಬಚ್ಚಲಿಗೆ ಹೋದರೂ ಆಕ್ಷೇಪವಂತೆ. ಅದಕ್ಕಾಗಿ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದಾಳೆ. ಇನ್ನೂ ಇಪ್ಪತ್ತಮೂರು ದಾಟದವಳ ಪಾದ ಸಂಜೆಗೆ ಚಪ್ಪಲಿಯೊಳಗೆ ಹಿಡಿಯುವುದಿಲ್ಲ.

'ಗದ್ದೆಯಲ್ಲಿ ದುಡಿದವರ ಮಕ್ಕಳಿಗೆ ನಿಲ್ಲುವುದೇನು ಹೊಸದೇ?' ಎನ್ನುವವರಿದ್ದಾರೆ. ಹೊಸದೇ ಸ್ವಾಮಿ. ಗದ್ದೆಯಲ್ಲಿ ಜನ ನಡೆಯುತ್ತಾರೆ, ಬಗ್ಗುತ್ತಾರೆ, ಸಾಕೆನಿಸಿದರೆ ಅಂಚಿನ ಮೇಲೆ ಕೂತು ಎಲೆ ಹಾಕುತ್ತಾರೆ. ಕಾಲಿಗೆ ಇಳಿದ ರಕ್ತವನ್ನು ಮತ್ತೆ ಮೇಲಕ್ಕೆ ನೂಕುವುದು ಮೀನಖಂಡದ ಸ್ನಾಯು. ನಡೆಯುವಾಗ ಅದು ಪಂಪಿನ ಹಾಗೆ ಹಿಂಡುತ್ತದೆ. ನಿಂತಲ್ಲೇ ನಿಂತರೆ ಪಂಪು ಸುಮ್ಮನಾಗುತ್ತದೆ, ರಕ್ತ ಕೆಳಗೇ ತಂಗುತ್ತದೆ. ವರ್ಷಗಟ್ಟಲೆ ಹೀಗಾದರೆ ರಕ್ತನಾಳದೊಳಗಿನ ಕವಾಟಗಳು ಸೋಲುತ್ತವೆ, ನರಗಳು ಹುರಿಹಗ್ಗದಂತೆ ಉಬ್ಬಿ ನಿಲ್ಲುತ್ತವೆ. ವೈದ್ಯರು ಇದಕ್ಕೆ ವೆರಿಕೋಸ್ ವೇನ್ಸ್ ಎನ್ನುತ್ತಾರೆ. ಸೊಂಟನೋವು, ಹಿಮ್ಮಡಿನೋವು ಇದರ ಜೊತೆಗೆ. ನೀರು ಕುಡಿಯದೆ ತಡೆದುಕೊಂಡವರಿಗೆ ಮೂತ್ರದ ಸೋಂಕು ಬೇರೆ.

ಇದನ್ನು ಲೋಕ ಇವತ್ತು ಕಂಡುಹಿಡಿದದ್ದಲ್ಲ. ಅಂಗಡಿಯ ಹೆಂಗಸರಿಗೆ ಆಸನ ಕೊಡಬೇಕು, ಮೂವರಿಗೆ ಒಂದಾದರೂ ಇರಬೇಕು ಎಂದು ಬ್ರಿಟನ್ನಿನಲ್ಲಿ ಕಾನೂನಾದದ್ದು 1899ರಲ್ಲಿ. ನಮ್ಮ 1948ರ ಕಾರ್ಖಾನೆ ಕಾಯ್ದೆಯ 44ನೇ ಕಲಮು ನಿಂತು ದುಡಿಯುವ ಕಾರ್ಮಿಕರಿಗೆ ಕೂರುವ ಅನುಕೂಲ ಇರಬೇಕೆಂದಿತ್ತು. ಅದು ಕಾರ್ಖಾನೆಯ ಮಾತಾಯಿತು. ಅಂಗಡಿಗಳಿಗೆಂದು 1961ರಲ್ಲಿ ನಮ್ಮ ರಾಜ್ಯ ಮಾಡಿದ ಕಾಯ್ದೆ ಗಂಟೆಗಳನ್ನು ಎಣಿಸಿತು: ದಿನಕ್ಕೆ 9, ವಾರಕ್ಕೆ 48, ಐದು ಗಂಟೆ ದುಡಿದರೆ ಒಂದು ಗಂಟೆ ಬಿಡುವು. ಆ ಐದು ಗಂಟೆ ಕಾಲು ಏನು ಮಾಡಬೇಕು ಎಂಬುದನ್ನು ಕಾಲಿಗೇ ಬಿಟ್ಟಿತು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಕೇಂದ್ರದ ಹೊಸ ಸುರಕ್ಷತಾ ಸಂಹಿತೆಯಲ್ಲಿ ಕೂರುವ ವ್ಯವಸ್ಥೆಯ ಮಾತಿದೆ. ಆದರೆ ಅದು ಸಾಮಾನ್ಯವಾಗಿ ಹಿಡಿಯುವುದು ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಕಡೆ. ನಮ್ಮ ಪೇಟೆಯ ಅಂಗಡಿಗಳಲ್ಲಿ ಮೂವರೋ ನಾಲ್ವರೋ ಇರುತ್ತಾರೆ. ಅವರ ಕಾಲು ಕಾಲಲ್ಲವೇ?

ಕೇರಳದಲ್ಲಿ ಹೆಂಗಸರು ಇದನ್ನು ಬೇಡಿ ಪಡೆಯಲಿಲ್ಲ, ಹೋರಾಡಿ ಪಡೆದರು. ಕೋಳಿಕ್ಕೋಡಿನ ಮಿಠಾಯಿ ತೆರುವಿನಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದ ಪಿ. ವಿಜಿ ಅಂಗಡಿಯ ಹೆಂಗಸರನ್ನು 'ಪೆಣ್‌ಕೂಟ್ಟ್' ಎಂಬ ಸಂಘಟನೆಯಲ್ಲಿ ಸೇರಿಸಿದರು. ಮೊದಲು ಕೇಳಿದ್ದು ಶೌಚಾಲಯ, ಆಮೇಲೆ ಕುರ್ಚಿ. 2014ರ ಕೊನೆಯಲ್ಲಿ ತ್ರಿಶೂರಿನ ಬಟ್ಟೆ ಅಂಗಡಿಯೊಂದರ ಕೆಲಸಗಾರ್ತಿಯರು ಹೊರಗೆ ಕೂತು ಮುಷ್ಕರ ಹೂಡಿದರು. ಅದು ನೂರಕ್ಕೂ ಹೆಚ್ಚು ದಿನ ನಡೆಯಿತು. ಜನ ಅದನ್ನು 'ಇರಿಕ್ಕಲ್ ಸಮರಂ' ಎಂದರು, ಅಂದರೆ ಕೂರುವ ಹೋರಾಟ. 2018ರಲ್ಲಿ ಕೇರಳ ತನ್ನ ಕಾಯ್ದೆ ತಿದ್ದಿ ಕೂರುವುದನ್ನು ಹಕ್ಕಾಗಿಸಿತು. 2021ರಲ್ಲಿ ತಮಿಳುನಾಡೂ ತಿದ್ದಿತು. ನಮ್ಮ ನರಸಿಂಹರಾಜಪುರ ಸೀಮೆಗೆ ಕೇರಳದಿಂದ ಜನ ಬಂದು ನೆಲೆಸಿದರು, ಅವರೊಟ್ಟಿಗೆ ರಬ್ಬರ್ ಬಂತು, ಮರಗೆಣಸಿನ ರುಚಿ ಬಂತು. ಈ ಕುರ್ಚಿಯೊಂದು ಘಟ್ಟ ಹತ್ತಿ ಬರಲು ಯಾಕೆ ತಡ?

ಕೂತರೆ ಗಿರಾಕಿಗೆ ಮರ್ಯಾದೆ ಕಡಿಮೆ ಎಂಬುದು ಮಾಲೀಕರ ವಾದ. ಬ್ಯಾಂಕಿನ ಕ್ಯಾಷಿಯರು ಕೂತೇ ನೋಟು ಎಣಿಸುತ್ತಾರೆ, ನಾವು ಕೈಕಟ್ಟಿ ಸಾಲಿನಲ್ಲಿ ನಿಲ್ಲುತ್ತೇವೆ. ಅಲ್ಲಿ ನಮ್ಮ ಮರ್ಯಾದೆ ಹೋಯಿತೇ? ಜರ್ಮನಿಯ ಸೂಪರ್ ಮಾರ್ಕೆಟ್ಟುಗಳಲ್ಲಿ ಬಿಲ್ಲು ಮಾಡುವವರು ಕೂತೇ ಮಾಡುತ್ತಾರೆ; ಅಲ್ಲಿ ವ್ಯಾಪಾರ ಮುಳುಗಿಲ್ಲ. ಕೂತರೆ ಸೋಮಾರಿಗಳಾಗುತ್ತಾರೆ ಎಂಬುದು ಇನ್ನೊಂದು ವಾದ. ಹಾಗಾದರೆ ಅಂಗಡಿಯಲ್ಲಿ ಕುರ್ಚಿಯಿರುವ ಒಬ್ಬನೇ ಒಬ್ಬನ ಬಗ್ಗೆ, ಅಂದರೆ ಮಾಲೀಕನ ಬಗ್ಗೆ, ಏನು ಹೇಳೋಣ?

ದಿನವಿಡೀ ಕೂರಿಸಿಬಿಡಿ ಎಂದು ಯಾರೂ ಕೇಳುತ್ತಿಲ್ಲ. ದಿನವಿಡೀ ಕೂರುವುದೂ ಬೆನ್ನಿಗೆ ಒಳ್ಳೆಯದಲ್ಲ. ಸೀರೆ ಬಿಚ್ಚಿ ತೋರಿಸುವಾಗ ಎದ್ದು ನಿಲ್ಲಲಿ, ಬಿಲ್ಲು ಮಾಡುವಾಗ, ಗಿರಾಕಿ ಇಲ್ಲದಾಗ ಕೂರಲಿ. ಬೇಕಾದ್ದು ಕೌಂಟರಿನ ಎತ್ತರಕ್ಕೆ ಒದಗುವ, ಕಾಲಿಡಲು ಅಡ್ಡಪಟ್ಟಿ ಇರುವ ಒಂದು ಸ್ಟೂಲು. ಒಂದು ಒಳ್ಳೆಯ ಸೀರೆಯ ಬೆಲೆಯೂ ಅದಕ್ಕಾಗದು.

ಸರ್ಕಾರ ನಮ್ಮ ಅಂಗಡಿ ಕಾಯ್ದೆಯಲ್ಲಿ, ಒಬ್ಬಳೇ ಕೆಲಸದವಳಿರುವ ಅಂಗಡಿಗೂ ಅನ್ವಯಿಸುವಂತೆ, ಸ್ಪಷ್ಟವಾದ ಮಾತಿನಲ್ಲಿ ಕುರ್ಚಿಯನ್ನು ಬರೆಯಲಿ. ಅಲ್ಲಿಯವರೆಗೆ ಓದುಗರಾದ ನಿಮಗೂ ಒಂದು ಕೆಲಸವಿದೆ. ಮಾಲೀಕರು ನಿಮ್ಮ ಹೆಸರು ಹೇಳಿಯೇ ಅವಳನ್ನು ನಿಲ್ಲಿಸಿರುವುದು. ಮುಂದಿನ ಸಲ ದುಡ್ಡು ಕೊಡುವಾಗ, ಮಾಲೀಕರಿಗೆ ಕೇಳಿಸುವಷ್ಟು ಗಟ್ಟಿಯಾಗಿ, 'ಕೂತ್ಕೊಂಡೇ ಬಿಲ್ ಮಾಡಮ್ಮ, ನಮಗೇನೂ ಬೇಜಾರಿಲ್ಲ' ಎಂದು ಹೇಳಿಬಿಡಿ.