ಯಾವ ವಿಮಾನ, ಹೇಳಿಬಿಡಿ

ಇಂಗ್ಲಿಷಿನ ‘ಏರ್‌ಲೈನರ್’ ಪದದ ಬೇರು ಇರುವುದು ಕಡಲಿನಲ್ಲಿ. ಗೊತ್ತಾದ ಮಾರ್ಗದಲ್ಲಿ, ಗೊತ್ತಾದ ವೇಳೆಗೆ ಜನರನ್ನು ಸಾಗಿಸುತ್ತಿದ್ದ ಹಡಗು ‘ಲೈನರ್’. 1912ರಲ್ಲಿ ಮುಳುಗಿದ ಟೈಟಾನಿಕ್ ಅಂಥದ್ದೇ. ಆ ಪದಕ್ಕೇ ಮುಂದೆ ರೆಕ್ಕೆ ಮೂಡಿತು. ಹಾಗಾಗಿ ಟಿಕೆಟ್ ಕೊಂಡು ಹತ್ತುವ ಬೋಯಿಂಗ್ 737 ಏರ್‌ಲೈನರ್; ಬೆಂಗಳೂರಿನ ಎಚ್‌ಎಎಲ್ ತಯಾರಿಸುವ ತೇಜಸ್ ಅಲ್ಲ, ಉದ್ಯಮಿಯ ಖಾಸಗಿ ಜೆಟ್ಟೂ ಅಲ್ಲ.

ಕನ್ನಡದಲ್ಲಿ ಎಲ್ಲವೂ ವಿಮಾನ.

ಪುಷ್ಪಕದ ಕಾಲದಿಂದ ಬಂದ ಆ ಸೊಗಸಾದ ಪದದಲ್ಲಿ ಕೊರತೆಯೇನಿಲ್ಲ. ಆದರೆ ‘ವಿಮಾನ ಪತನ’ ಎಂಬ ಎರಡೇ ಪದದ ತಲೆಬರಹ ಕಂಡರೆ, ಮಗಳನ್ನು ಆಗಷ್ಟೇ ಬೀಳ್ಕೊಟ್ಟು ಬಂದ ತಾಯಿಯ ಎದೆ ಧಸಕ್ಕೆನ್ನುತ್ತದೆ. ಬಿದ್ದದ್ದು ತರಬೇತಿ ವಿಮಾನವೆಂದು ತಿಳಿಯಲು ಆಕೆ ಸುದ್ದಿಯನ್ನೆಲ್ಲ ಓದಬೇಕು. ಸುದ್ದಿಮನೆಯವರು ಪ್ರಯಾಣಿಕ ವಿಮಾನ, ಯುದ್ಧವಿಮಾನ, ತರಬೇತಿ ವಿಮಾನ ಎಂದು ತಲೆಬರಹದಲ್ಲೇ ಬಿಡಿಸಿ ಬರೆಯಲಿ.