ಅಂಗಳ ತೊಳೆಯಲು ಆಸಿಡ್ ಯಾಕೆ ಬೇಕು?

ಈದ್ ಹತ್ತಿರ ಬಂದರೆ ಸಾಕು, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಲ್ಲಿ ನೋಡಿದರೂ ಮನೆಗಳ ಮುಂದೆ ಬಕೆಟ್, ಕಸಬರಿಗೆ ಕಾಣಿಸುತ್ತವೆ. ಅಂಗಳ, ಹಿತ್ತಲು, ಮಸೀದಿಯ ವುಝೂ ಮಾಡುವ ಕಟ್ಟೆ ಎಲ್ಲವನ್ನೂ ಉಜ್ಜಿ ಬೆಳ್ಳಗೆ ಮಾಡುವ ಹುಮ್ಮಸ್ಸು. ಶುಚಿತ್ವವನ್ನು ಈಮಾನಿನ ಭಾಗವೆಂದು ನಂಬಿದ ಜನರಿಗೆ ಇದು ಸಹಜ. ಆದರೆ ಆ ಬಕೆಟ್‌ನ ಪಕ್ಕದಲ್ಲಿರುವ ಬಾಟಲಿಯ ಬಗ್ಗೆ ನಿಮ್ಮೊಡನೆ ಸ್ವಲ್ಪ ಮಾತಾಡಬೇಕಿದೆ.

ನಮ್ಮ ಮನೆಯಲ್ಲೇ ನಡೆದದ್ದು ಹೇಳುತ್ತೇನೆ. ನಿಪ್ಪಾಣಿಯ ನಮ್ಮ ಖಾಲಾ ಒಂದು ಈದ್‌ನ ಹಿಂದಿನ ದಿನ ಬಚ್ಚಲ ಮುಂದಿನ ಫರಸಿಗೆ ಬ್ಲೀಚಿಂಗ್ ಪೌಡರ್ ಚೆಲ್ಲಿದರು. ಪಾಚಿ ಹೋಗಲಿಲ್ಲವೆಂದು ಅದರ ಮೇಲೆಯೇ ಆಸಿಡ್ ಸುರಿದರು. ಘಾಟು ಎದ್ದಿತು. ಕೆಮ್ಮುತ್ತ ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತವರು, ಸ್ವಲ್ಪ ಹೊತ್ತಿನ ಬಳಿಕ ಮತ್ತೆ ಒಳಗೆ ಹೋಗಿ ಕೆಲಸ ಮುಗಿಸಿದರು. ರಾತ್ರಿ ಉಸಿರು ಕಟ್ಟಿತು. ಈದ್‌ನ ಬೆಳಿಗ್ಗೆ ನಾವೆಲ್ಲ ಹೊಸ ಬಟ್ಟೆ ತೊಟ್ಟಿದ್ದಾಗ ಅವರ ಮುಖದ ಮೇಲೆ ಆಕ್ಸಿಜನ್ ಮಾಸ್ಕ್ ಇತ್ತು. ಮೂವತ್ತು ವರ್ಷ ಬೀಡಿ ಕಟ್ಟಿ ತಂಬಾಕಿನ ಧೂಳು ಕುಡಿದ ಎದೆ ಅದು. ಚೇತರಿಸಿಕೊಳ್ಳಲು ತಿಂಗಳು ಹಿಡಿಯಿತು.

ಅಂದು ಎದ್ದದ್ದು ಕ್ಲೋರಿನ್ ಅನಿಲ. ಬ್ಲೀಚಿಂಗ್ ಪೌಡರ್‌ಗೆ ಆಸಿಡ್ ತಾಗಿದರೆ ಅದು ಹುಟ್ಟಿಯೇ ಹುಟ್ಟುತ್ತದೆ. ಮೊದಲ ಮಹಾಯುದ್ಧದಲ್ಲಿ ಸೈನಿಕರನ್ನು ಕೊಲ್ಲಲು ಬಳಸಿದ್ದು ಇದೇ ಅನಿಲವನ್ನು. ಗಾಳಿಗಿಂತ ಭಾರವಾದ್ದರಿಂದ ಅದು ನೆಲದ ಮಟ್ಟದಲ್ಲೇ ನಿಲ್ಲುತ್ತದೆ. ಕುಕ್ಕರಗಾಲಿನಲ್ಲಿ ಕುಳಿತು ಉಜ್ಜುವವರ ಮೂಗೂ ಅಲ್ಲೇ ಇರುತ್ತದೆ. ತೊಂದರೆ ಆ ಕ್ಷಣಕ್ಕೆ ಕಾಣದೆ ಕೆಲವು ಗಂಟೆಗಳ ಬಳಿಕ ಹೆಚ್ಚಾಗಲೂಬಹುದು.

ಇಷ್ಟೆಲ್ಲ ಅಪಾಯ ಎದುರಿಸಿ ಹಾಕಿದ ಆಸಿಡ್ ಅಂಗಳವನ್ನಾದರೂ ಶುಚಿಗೊಳಿಸುತ್ತದೆಯೇ? ನಮ್ಮ ಕಡೆ ಹೆಚ್ಚಿನ ಅಂಗಳಗಳಿಗೆ ಹಾಸಿರುವುದು ಶಹಾಬಾದ್ ಫರಸಿ. ಅದು ಸುಣ್ಣದ ಕಲ್ಲು. ಕಡಪಾ ಕಲ್ಲೂ ಹಾಗೆಯೇ. ಆಸಿಡ್ ಬಿದ್ದೊಡನೆ ಬುರುಗು ಏಳುವುದನ್ನು ನೋಡಿ ಕೊಳೆ ಹೋಗುತ್ತಿದೆ ಎಂದುಕೊಳ್ಳುತ್ತೇವೆ. ನಿಜವಾಗಿ ಕರಗಿ ಹೋಗುತ್ತಿರುವುದು ಕಲ್ಲು. ನಯವಾಗಿದ್ದ ಮೇಲ್ಮೈ ಒರಟಾಗುತ್ತದೆ, ಸಂದಿನ ಸಿಮೆಂಟ್ ಸವೆಯುತ್ತದೆ. ಒರಟು ಕಲ್ಲಿನ ಸಣ್ಣ ಕುಳಿಗಳಲ್ಲಿ ನೀರು ನಿಂತು ಮುಂದಿನ ಮಳೆಗೆ ಪಾಚಿ ಇನ್ನೂ ಬೇಗ ಹಿಡಿಯುತ್ತದೆ. ಮರುವರ್ಷ ಎರಡು ಬಾಟಲಿ ಬೇಕಾಗುತ್ತದೆ. ನಿಂಬೆಹಣ್ಣು, ಹುಣಸೆಹಣ್ಣು, ವಿನೆಗರ್ ಕೂಡ ಈ ಕಲ್ಲಿಗೆ ಒಗ್ಗುವುದಿಲ್ಲ; ಅವೂ ಹುಳಿಯೇ.

ಹಾಗಾದರೆ ಪಾಚಿಗೆ ಏನು ಮಾಡಬೇಕು? ಅದನ್ನು ಹಾಗೇ ಬಿಡಿ ಎಂದು ಖಂಡಿತ ಹೇಳುವುದಿಲ್ಲ. ವುಝೂ ಕಟ್ಟೆಯ ಬಳಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಹಿರಿಯರು ಮತ್ತೆ ಮೊದಲಿನಂತೆ ನಡೆಯುವುದು ಕಷ್ಟ. ಮೊದಲು ಗಟ್ಟಿ ಬ್ರಷ್‌ನಿಂದ ಒಣಗಿದ ಪಾಚಿ, ಮಣ್ಣು ಕೆರೆದು ಗುಡಿಸಿ. 10 ಲೀಟರ್ ನೀರಿಗೆ 150 ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿ, ತಿಳಿಯಾಗಲು ಬಿಟ್ಟು, ಮೇಲಿನ ತಿಳಿನೀರನ್ನು ಮಾತ್ರ ಹಾಕಿ. ಹದಿನೈದು ನಿಮಿಷದ ಬಳಿಕ ಉಜ್ಜಿ ತೊಳೆಯಿರಿ. ಕೈಗೆ ಗ್ಲೌಸ್, ಕಾಲಿಗೆ ಚಪ್ಪಲಿ ಇರಲಿ. ಮಕ್ಕಳು, ಕೋಳಿ, ಆಡುಗಳು ಹತ್ತಿರ ಬಾರದಿರಲಿ. ಇದರ ಜೊತೆ ಬೇರೆ ಯಾವುದನ್ನೂ ಬೆರೆಸಬೇಡಿ. ಗಾಡಿಯ ಎಣ್ಣೆ ಬಿದ್ದಿದ್ದರೆ ಬೂದಿ ಅಥವಾ ಕಟ್ಟಿಗೆಯ ಹೊಟ್ಟು ಹಾಕಿ ಹೀರಿಸಿ, ಬಳಿಕ ಬಿಸಿನೀರು, ಸೋಪಿನ ಪುಡಿಯಿಂದ ಉಜ್ಜಿ. ಬಕ್ರೀದ್‌ನ ರಕ್ತದ ಕಲೆಗೆ ಮಾತ್ರ ಮೊದಲು ತಣ್ಣೀರೇ ಹಾಕಬೇಕು. ಬಿಸಿನೀರು ಬಿದ್ದರೆ ಕಲೆ ಕಚ್ಚಿಕೊಳ್ಳುತ್ತದೆ.

ನದಿ ದಡದವರಿಗೆ ಇನ್ನೊಂದು ಮಾತು. 2019ರ ಆಗಸ್ಟ್‌ನಲ್ಲಿ, ಮತ್ತೆ 2021ರ ಜುಲೈನಲ್ಲಿ ಕೃಷ್ಣೆ, ದೂಧಗಂಗಾ, ವೇದಗಂಗಾ ಉಕ್ಕಿದ್ದನ್ನು ಯಾರೂ ಮರೆತಿಲ್ಲ. ನೀರು ಇಳಿದ ಮೇಲೆ ಉಳಿದದ್ದು ರಾಡಿ. ಆ ರಾಡಿಯ ಮೇಲೆ ಬ್ಲೀಚಿಂಗ್ ಪೌಡರ್ ಎರಚಿ ಸಮಾಧಾನ ಪಡುವ ಅಭ್ಯಾಸ ನಮಗಿದೆ. ಅದರ ಶಕ್ತಿಯೆಲ್ಲ ಕೆಸರಿನಲ್ಲೇ ಮುಗಿದುಹೋಗುತ್ತದೆ, ನೆಲಕ್ಕೆ ತಲುಪುವುದಿಲ್ಲ. ಮೊದಲು ರಾಡಿ ತೆಗೆಯಬೇಕು, ಆಮೇಲೆ ತೊಳೆಯಬೇಕು, ಕೊನೆಗೆ ಔಷಧಿ. ರಾಡಿ ಹಸಿಯಾಗಿರುವಾಗಲೇ ತೆಗೆದರೆ ಅರ್ಧ ಶ್ರಮ ಉಳಿಯುತ್ತದೆ. ಇಲಿಯ ಮೂತ್ರ ಬೆರೆತ ಆ ನೀರಿನಿಂದ ಇಲಿಜ್ವರ ಬರುತ್ತದೆ. ಗಾಯವಿರುವ ಬರಿಗಾಲಲ್ಲಿ ಇಳಿಯಲೇಬಾರದು.

ಇಂಥ ಹೊತ್ತಿಗೆ ಪ್ರೆಶರ್ ವಾಷರ್ ನಿಜಕ್ಕೂ ಉಪಯುಕ್ತ. ಗಾಡಿ ಸರ್ವಿಸಿಂಗ್‌ನಲ್ಲಿ ನೀವು ಅದನ್ನು ನೋಡಿರುತ್ತೀರಿ. ಮನೆಬಳಕೆಯ ಸಣ್ಣ ಯಂತ್ರ ನಿಮಿಷಕ್ಕೆ ಸುಮಾರು 6 ಲೀಟರ್ ನೀರು ಬಳಸುತ್ತದೆ. ಬರಿಯ ಪೈಪ್ ಹಿಡಿದು ನಿಂತರೆ ಅದರ ಎರಡು, ಮೂರು ಪಟ್ಟು ಹರಿದುಹೋಗುತ್ತದೆ. ಬೇಸಿಗೆಯಲ್ಲಿ ಕೃಷ್ಣೆ ಬತ್ತಿ, ಕೊಯ್ನಾದ ನೀರಿಗಾಗಿ ಮಹಾರಾಷ್ಟ್ರದ ಕಡೆ ಮುಖ ಮಾಡುವ ನಮಗೆ ಈ ಲೆಕ್ಕ ಸಣ್ಣದಲ್ಲ. ಹರಿಯುವ ನದಿಯ ಬಳಿ ವುಝೂ ಮಾಡುವಾಗಲೂ ನೀರು ಪೋಲು ಮಾಡಬಾರದೆಂದು ಕಲಿತವರು ನಾವು.

ಆದರೆ ಯಂತ್ರವೂ ಆಟಿಕೆಯಲ್ಲ. ಆ ನೀರಿನ ಧಾರೆ ಚರ್ಮವನ್ನು ಸೀಳಬಲ್ಲದು. ಕೈಕಾಲಿನ ಕಡೆ ತಿರುಗಿಸಬೇಡಿ, ಮಕ್ಕಳ ಕೈಗೆ ಕೊಡಬೇಡಿ. ಧಾರೆ ಅಗಲವಾಗಿರಲಿ, ನೆಲದಿಂದ ಒಂದು ಅಡಿ ದೂರವಿರಲಿ. ಹತ್ತಿರ ಹಿಡಿದರೆ ಸಂದಿನ ಸಿಮೆಂಟ್ ಕಿತ್ತು ಬರುತ್ತದೆ. ಅರ್ಥಿಂಗ್ ಸರಿ ಇಲ್ಲದ ಪ್ಲಗ್‌ಗೆ ಹಾಕಿ ಒದ್ದೆ ನೆಲದಲ್ಲಿ ನಿಲ್ಲಬೇಡಿ. ಅಥಣಿ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ವಿಶೇಷ ವಿನಂತಿ: ತೋಟಕ್ಕೆ ಔಷಧಿ ಹೊಡೆಯುವ ಪಂಪ್ ತಂದು ಅಂಗಳ ತೊಳೆಯಬೇಡಿ. ಅದರ ಪೈಪ್‌ನಲ್ಲಿ ಉಳಿದ ವಿಷ ಮಕ್ಕಳು ಆಡುವ ನೆಲಕ್ಕೆ ಬೀಳುತ್ತದೆ.

ಕೊನೆಯದಾಗಿ, ಈ ಆಸಿಡ್ ಹಿಡಿಯುವ ಕೈ ಯಾರದ್ದೆಂದು ಯೋಚಿಸಿ. ಮನೆಯಲ್ಲಿ ಅಮ್ಮ ಅಥವಾ ಸೊಸೆ, ಮಸೀದಿಯಲ್ಲಿ ಕಡಿಮೆ ಸಂಬಳದ ಖಾದಿಮ್. ಅಂಗಡಿಯಿಂದ ತರಲು ಓಡುವುದು ಹತ್ತು ವರ್ಷದ ಹುಡುಗ. 18 ವರ್ಷದೊಳಗಿನವರಿಗೆ ಆಸಿಡ್ ಮಾರಬಾರದು, ಕೊಳ್ಳುವವರ ಗುರುತಿನ ಚೀಟಿ ನೋಡಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ನಾವೇ ಮಗುವಿನ ಕೈಗೆ ದುಡ್ಡು ಕೊಟ್ಟು ಕಳಿಸಿದರೆ ಅಂಗಡಿಯವನನ್ನು ದೂರಿ ಏನು ಫಲ?

ಆದ್ದರಿಂದ ನನ್ನ ಮಾತು ಇಷ್ಟೇ. ಜಮಾಅತ್ ಕಮಿಟಿಗಳು ಮಸೀದಿಯ ಖರೀದಿ ಪಟ್ಟಿಯಿಂದ ಆಸಿಡ್ ತೆಗೆದುಹಾಕಲಿ. ಆ ದುಡ್ಡಿಗೆ ಇನ್ನಷ್ಟು ಸೇರಿಸಿ ಒಂದು ಪ್ರೆಶರ್ ವಾಷರ್, ನಾಲ್ಕು ಗಟ್ಟಿ ಬ್ರಷ್, ಖಾದಿಮ್‌ಗೆ ಗ್ಲೌಸ್, ಗಮ್ ಬೂಟ್ ತರಲಿ. ಮಳೆಗಾಲದಲ್ಲಿ ನೆರೆ ಬಂದರೆ ಆ ಯಂತ್ರ ಓಣಿಯ ಎಲ್ಲ ಮನೆಗಳಿಗೆ, ಯಾವ ಸಮುದಾಯದವರೇ ಆಗಿರಲಿ, ಸರದಿಯಂತೆ ಹೋಗಲಿ. ದಾರಿಯ ಮುಳ್ಳನ್ನು ಸರಿಸುವುದೂ ಪುಣ್ಯದ ಕೆಲಸವೆಂದು ಕಲಿತ ನಾವು ಗಟಾರಕ್ಕೆ ಆಸಿಡ್ ಹರಿಸಬಾರದು.

ನೀವು ಮನೆಯಲ್ಲಿ ಇಂದೇ ಮಾಡಬಹುದಾದದ್ದು ಒಂದಿದೆ. ಬಚ್ಚಲ ಮೂಲೆಯಲ್ಲಿ ಆಸಿಡ್, ಬ್ಲೀಚಿಂಗ್ ಪೌಡರ್ ಎರಡೂ ಒಟ್ಟಿಗೆ ಇವೆಯೇ ನೋಡಿ. ಇದ್ದರೆ ಈಗಲೇ ಬೇರೆ ಬೇರೆ ಕಡೆ, ಮಕ್ಕಳ ಕೈಗೆ ಸಿಗದಂತೆ ಎತ್ತಿಡಿ. ಯಾರಿಗಾದರೂ ಆಸಿಡ್ ತಾಗಿದರೆ ಇಪ್ಪತ್ತು ನಿಮಿಷ ಹರಿಯುವ ನೀರಿನಲ್ಲಿ ತೊಳೆಯಿರಿ. ಘಾಟು ಕುಡಿದರೆ ತಕ್ಷಣ ಬಯಲಿಗೆ ಕರೆತಂದು 108ಕ್ಕೆ ಕರೆ ಮಾಡಿ. ಕೆಮ್ಮು ನಿಂತಿತೆಂದು ಮತ್ತೆ ಒಳಗೆ ಹೋಗಲು ಬಿಡಬೇಡಿ. ನಮ್ಮ ಖಾಲಾ ಮಾಡಿದ ತಪ್ಪು ಅದೇ.